‘ಏನೂ ಬೇಡ, ಮನೆಗೆ ಹೋಗಿ’ ಎನ್ನುವುದಕ್ಕೆ ಬಿಲ್ ಇಲ್ಲ

ಮಂಡ್ಯದ ಕಡೆ ಜ್ವರ ಬಂದು ಹೋದವರನ್ನು ಮಾತಾಡಿಸಿ ನೋಡಿ. ‘ಡಾಕ್ಟ್ರಿಗೆ ತೋರಿಸ್ಕೊಂಡು ಬಂದೆ’ ಎನ್ನುವವರಿಗಿಂತ ‘ಒಂದು ಬಾಟ್ಲಿ ಹಾಕಿಸ್ಕೊಂಡು ಬಂದೆ’ ಎನ್ನುವವರೇ ಜಾಸ್ತಿ. ಬಾಟ್ಲಿ ಅಂದರೆ ಗ್ಲೂಕೋಸ್ ಡ್ರಿಪ್. ನನ್ನ ಚಿಕ್ಕಮ್ಮ ಪಾಂಡವಪುರದ ಹತ್ತಿರದ ಹಳ್ಳಿಯವರು. ಅವರ ಪ್ರಕಾರ ಬಾಟ್ಲಿ ಹಾಕದ ಡಾಕ್ಟರ್‌ಗೆ ಕೈಗುಣ ಇಲ್ಲ. ಮಾತ್ರೆ ಬರೆದು ಕಳಿಸಿದರೆ ‘ನಮ್ಮನ್ನ ಸರಿಯಾಗಿ ನೋಡಲೇ ಇಲ್ಲ’ ಎಂಬ ದೂರು ಊರಿನ ಜಗಲಿಯವರೆಗೂ ಬರುತ್ತದೆ.

ಆ ಅರ್ಧ ಲೀಟರ್ ಬಾಟಲಿಯಲ್ಲಿ ಸಾಮಾನ್ಯವಾಗಿ ಇರುವುದು ಶೇ 5ರ ಡೆಕ್ಸ್‌ಟ್ರೋಸ್. ಲೆಕ್ಕ ಹಾಕಿದರೆ 25 ಗ್ರಾಂ ಸಕ್ಕರೆ. ಐದಾರು ಚಮಚ. ಬೆಲ್ಲದ ಪಾನಕದ ಒಂದು ದೊಡ್ಡ ಲೋಟದಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಸಕ್ಕರೆ ನಾಡು ಅಂತ ಹೆಸರು ಮಾಡಿದ ಜಿಲ್ಲೆಯ ಜನ ಐದು ಚಮಚ ಸಕ್ಕರೆಯನ್ನು ಸೂಜಿಯಲ್ಲಿ ಏರಿಸಿಕೊಂಡು ದುಡ್ಡು ಕೊಟ್ಟು ಬರುತ್ತಿದ್ದೇವೆ. ವಾಂತಿ ನಿಲ್ಲದೆ ನೀರೂ ಇಳಿಯದವರಿಗೆ, ಬಿಪಿ ಬಿದ್ದವರಿಗೆ ಡ್ರಿಪ್ ಜೀವ ಉಳಿಸುತ್ತದೆ. ಆದರೆ ಎದ್ದು ನಡೆದು ಬಂದು, ಕಾಫಿ ಕುಡಿದು, ಸಾಲಿನಲ್ಲಿ ಕೂತವರಿಗೆ ಅದು ಬೇಕಿಲ್ಲ.

ಇದರಲ್ಲಿ ಮೋಸ ಹೋದವರು ಯಾರು ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ರೋಗಿಗೆ ಸಮಾಧಾನ, ಡಾಕ್ಟರ್‌ಗೆ ಫೀಸು, ಪಕ್ಕದ ಮೆಡಿಕಲ್ ಸ್ಟೋರಿಗೆ ವ್ಯಾಪಾರ. ಮೂರು ದಿನದಲ್ಲಿ ಜ್ವರ ತಾನಾಗಿಯೇ ಇಳಿಯುತ್ತದೆ, ಹೆಸರು ಮಾತ್ರ ಬಾಟ್ಲಿಗೆ ಬರುತ್ತದೆ. ಬೇಡದ ಚಿಕಿತ್ಸೆಯ ವಿಷಯದಲ್ಲಿ ಎಲ್ಲಕ್ಕಿಂತ ಕಷ್ಟದ ಸಂಗತಿ ಇದೇ. ಇಲ್ಲಿ ಅಪರಾಧ ಆದಂತೆ ಕಾಣುವುದಿಲ್ಲ, ದೂರು ಕೊಡುವವರೂ ಇರುವುದಿಲ್ಲ.

ಅಪರಾಧ ಕಣ್ಣಿಗೆ ಕಾಣುವಂಥದ್ದೂ ನಮ್ಮಲ್ಲಿ ನಡೆದಿದೆ. 2023ರ ಕೊನೆಯಲ್ಲಿ ಬೆಂಗಳೂರು ಪೊಲೀಸರು ಒಂದು ಭ್ರೂಣಹತ್ಯೆ ಜಾಲವನ್ನು ಹಿಡಿದರು. ಮಂಡ್ಯದ ಒಂದು ಆಲೆಮನೆಯಲ್ಲಿ ಮಗು ಹೆಣ್ಣೋ ಗಂಡೋ ಎಂದು ಸ್ಕ್ಯಾನಿಂಗ್ ಮಾಡುತ್ತಿದ್ದರು ಎಂಬ ಸುದ್ದಿ ಓದಿ ಇಡೀ ರಾಜ್ಯ ಬೆಚ್ಚಿಬಿತ್ತು. ಮೈಸೂರಿನಲ್ಲೂ ಬಂಧನಗಳಾದವು, ತನಿಖೆ ಸಿಐಡಿಗೆ ಹೋಯಿತು. ಅದು ತಪ್ಪು ಎಂದು ಹೇಳಲು ನೀತಿಶಾಸ್ತ್ರ ಬೇಕಿಲ್ಲ. ಭ್ರೂಣದ ಲಿಂಗ ಪತ್ತೆ ಮಾಡಬಾರದು ಎಂದು 1994ರಿಂದಲೇ ಕಾನೂನು ಇದೆ. ನಾನು ಇಲ್ಲಿ ಮಾತಾಡುತ್ತಿರುವುದು ಎಸಿ ಹಾಕಿದ, ಲೈಸೆನ್ಸ್ ಇರುವ, ಸಹಿ ಹಾಕಿಸಿಕೊಂಡೇ ಎಲ್ಲ ಮಾಡುವ ಜಾಗಗಳ ಬಗ್ಗೆ.

ಅಂಥ ಜಾಗದಲ್ಲಿ ಕೂತ ಒಬ್ಬ ಡಾಕ್ಟರ್ ಇಪ್ಪತ್ತು ನಿಮಿಷ ತೆಗೆದುಕೊಂಡು ರೋಗಿಯ ಕಥೆ ಕೇಳುತ್ತಾರೆ ಅಂದುಕೊಳ್ಳಿ. ಹೊಟ್ಟೆ ಮುಟ್ಟಿ ನೋಡುತ್ತಾರೆ. ‘ಏನೂ ಬೇಡಮ್ಮ, ಮನೆಗೆ ಹೋಗಿ, ಹೀಗೇ ಇದ್ದರೆ ಹದಿನೈದು ದಿನ ಬಿಟ್ಟು ಬನ್ನಿ’ ಎನ್ನುತ್ತಾರೆ. ಹಾಗೆ ಹೇಳಲು ಓದು ಬೇಕು, ಅನುಭವ ಬೇಕು, ಧೈರ್ಯವೂ ಬೇಕು. ಅದಕ್ಕೆ ಸಿಗುವುದು ಕನ್ಸಲ್ಟೇಶನ್ ಫೀಸ್ ಮಾತ್ರ. ಅದೇ ಡಾಕ್ಟರ್ ಎರಡೇ ನಿಮಿಷದಲ್ಲಿ ‘ಸ್ಕ್ಯಾನ್ ಮಾಡಿಸಿ, ಬ್ಲಡ್ ಟೆಸ್ಟ್ ಮಾಡಿಸಿ, ಅಡ್ಮಿಟ್ ಆಗಿ’ ಎಂದರೆ ಆಸ್ಪತ್ರೆಯ ನಾಲ್ಕು ಕೌಂಟರ್‌ಗೆ ಕೆಲಸ. ಬಿಲ್ ಪುಸ್ತಕದಲ್ಲಿ ಎಂಆರ್‌ಐಗೆ ಒಂದು ಸಾಲಿದೆ, ಗ್ಲೌಸಿಗೂ ಒಂದು ಸಾಲಿದೆ, ‘ಬೇಡ’ ಎಂದದ್ದಕ್ಕೆ ಇಲ್ಲ. ಬೇಡದ ಚಿಕಿತ್ಸೆ ಹುಟ್ಟುವುದು ಡಾಕ್ಟರ್‌ಗಳ ದುರಾಸೆಯಿಂದ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ನನಗೆ ಅನಿಸುವುದು, ಅದು ಈ ಖಾಲಿ ಸಾಲಿನಿಂದ ಹುಟ್ಟುತ್ತದೆ.

ಮಂಡ್ಯದಲ್ಲಿ ಐದು ರೂಪಾಯಿ ಡಾಕ್ಟರ್ ಎಂದೇ ಹೆಸರಾದ ಶಂಕರೇಗೌಡರ ಬಗ್ಗೆ ಎಲ್ಲರಿಗೂ ಗೊತ್ತು. ಅವರ ಬಗ್ಗೆ ಬರೆಯುವವರೆಲ್ಲ ಕರುಣೆಯ ಬಗ್ಗೆ ಬರೆಯುತ್ತಾರೆ. ನನಗೆ ಅಲ್ಲಿ ಕಾಣುವುದು ಬೇರೆ ಲೆಕ್ಕ. ಐದು ರೂಪಾಯಿ ತೆಗೆದುಕೊಳ್ಳುವ ಜಾಗದಲ್ಲಿ ಜಾಸ್ತಿ ಬರೆದರೂ ಅಷ್ಟೇ, ಕಮ್ಮಿ ಬರೆದರೂ ಅಷ್ಟೇ. ಹಾಗಿದ್ದಾಗ ‘ಬೇಡ’ ಎನ್ನುವುದು ಸುಲಭ. ಆದರೆ ಎಲ್ಲ ಡಾಕ್ಟರೂ ಹಾಗಿರಲಿ ಎಂದು ಆಸೆಪಡುವುದರಿಂದ ಆಸ್ಪತ್ರೆ ನಡೆಯುವುದಿಲ್ಲ. ಖಾಸಗಿ ಕಾಲೇಜಿನಲ್ಲಿ ಸೀಟಿಗೆ ಕೊಟ್ಟ ದುಡ್ಡಿದೆ. ಕೋಟಿಗಟ್ಟಲೆ ಬೆಲೆಯ ಯಂತ್ರದ ಇಎಂಐ ಇದೆ. ಯಂತ್ರ ಸುಮ್ನೆ ಕೂತರೂ ಬಡ್ಡಿ ಓಡುತ್ತಲೇ ಇರುತ್ತದೆ. ರೋಗಿಯನ್ನು ಕಳಿಸಿದ್ದಕ್ಕೆ ಕಮಿಷನ್ ಕೊಡುವುದು, ತೆಗೆದುಕೊಳ್ಳುವುದು ಎರಡೂ 2002ರ ವೈದ್ಯಕೀಯ ಮಂಡಳಿಯ ನಿಯಮದ ಪ್ರಕಾರ ತಪ್ಪು. ಆದರೂ ‘ಕಟ್’ ಎಂಬ ಪದದ ಅರ್ಥವನ್ನು ಆ ವಲಯದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಹೆರಿಗೆ. ಈ ವಿಷಯದಲ್ಲಿ ಅಂಕಿಗಳು ಸಿಗುತ್ತವೆ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ 31.5ರಷ್ಟು ಹೆರಿಗೆ ಸಿಸೇರಿಯನ್. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಶೇ 22.6, ಖಾಸಗಿಯಲ್ಲಿ ಶೇ 52.5. ವಿಶ್ವ ಆರೋಗ್ಯ ಸಂಸ್ಥೆ 1985ರಲ್ಲಿ ಶೇ 10ರಿಂದ 15 ಸಾಕು ಎಂದಿತ್ತು. 2015ರಲ್ಲಿ ಮತ್ತೆ ನೋಡಿ, ಒಟ್ಟು ಜನಸಂಖ್ಯೆಯಲ್ಲಿ ಶೇ 10 ದಾಟಿದ ಮೇಲೆ ತಾಯಿ-ಮಗುವಿನ ಸಾವು ಇನ್ನಷ್ಟು ಕಮ್ಮಿಯಾಗುವುದು ಕಾಣುವುದಿಲ್ಲ ಎಂದಿತು.

ಖಾಸಗಿಗೆ ಹೋದ ಹೆಂಗಸಿನ ಸೊಂಟ ಸರ್ಕಾರಿಗೆ ಹೋದವಳ ಸೊಂಟಕ್ಕಿಂತ ಕಿರಿದಾಗಿರುತ್ತದಾ? ಇಲ್ಲ ಅಲ್ವಾ. ಹಾಗಂತ ಈ ಅಂಕಿ ಹಿಡಿದು ಯಾವುದೋ ಒಂದು ಆಸ್ಪತ್ರೆಯ ಮೇಲೆ ಬೀಳುವುದೂ ತಪ್ಪು. ಮೈಸೂರಿನ ಸರ್ಕಾರಿ ಹೆರಿಗೆ ಆಸ್ಪತ್ರೆ ಚೆಲುವಾಂಬವನ್ನೇ ತಗೊಳ್ಳಿ. ಸುತ್ತಲಿನ ಜಿಲ್ಲೆಗಳಿಂದ ಕಷ್ಟದ ಕೇಸುಗಳನ್ನೇ ಅಲ್ಲಿಗೆ ಕಳಿಸುತ್ತಾರೆ. ಬಿಪಿ ಏರಿದವರು, ಅವಳಿ ಮಕ್ಕಳಿರುವವರು, ರಾತ್ರಿ ಆಂಬುಲೆನ್ಸ್‌ನಲ್ಲಿ ಬಂದವರು. ಅಲ್ಲಿ ಸಿಸೇರಿಯನ್ ಜಾಸ್ತಿ ಇದ್ದರೆ ಅದು ಇರಬೇಕಾದದ್ದೇ. ಅದಕ್ಕೇ ಬಸುರಿಯರನ್ನು ಹತ್ತು ಗುಂಪುಗಳಾಗಿ ವಿಂಗಡಿಸಿ ಲೆಕ್ಕ ಇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರಾಬ್ಸನ್ ವಿಂಗಡಣೆ ಎಂದು ಅದರ ಹೆಸರು. ಮೊದಲ ಹೆರಿಗೆ, ದಿನ ತುಂಬಿದೆ, ಒಂದೇ ಮಗು, ತಲೆ ಕೆಳಗಿದೆ, ನೋವು ತಾನಾಗಿ ಬಂದಿದೆ. ಈ ಗುಂಪಿನವರಲ್ಲೂ ಅರ್ಧಕ್ಕರ್ಧ ಸಿಸೇರಿಯನ್ ಆಗುತ್ತಿದ್ದರೆ ಆಗ ಪ್ರಶ್ನೆ ಕೇಳಬಹುದು. ಆ ಗುಂಪುವಾರು ಲೆಕ್ಕವನ್ನು ಪ್ರತಿ ನರ್ಸಿಂಗ್ ಹೋಮ್ ಗೋಡೆಗೆ ಹಾಕಲಿ ಎಂದು ನಾನು ಹೇಳುತ್ತೇನೆ. ಫೋಟೋ ಹಿಡಿದ ಸನ್ಮಾನದ ಫಲಕಕ್ಕೆ ಜಾಗ ಇದೆ, ಇದಕ್ಕೂ ಇರುತ್ತದೆ.

ಯಾಕೆ ಹೀಗಾಗುತ್ತದೆ ಎನ್ನುವುದಕ್ಕೆ ದುಡ್ಡೊಂದೇ ಕಾರಣ ಅಲ್ಲ. ಸಹಜ ಹೆರಿಗೆ ಹನ್ನೆರಡು ಗಂಟೆ ತೆಗೆದುಕೊಳ್ಳಬಹುದು, ಹದಿನೆಂಟೂ ಆಗಬಹುದು. ಅಷ್ಟು ಹೊತ್ತು ಒಬ್ಬರು ಪಕ್ಕದಲ್ಲಿ ಇರಬೇಕು. ಒಬ್ಬರೇ ಡಾಕ್ಟರ್ ಇರುವ ತಾಲ್ಲೂಕಿನ ನರ್ಸಿಂಗ್ ಹೋಮಿನಲ್ಲಿ ರಾತ್ರಿ 2 ಗಂಟೆಗೆ ಮಗುವಿನ ಹೃದಯದ ಬಡಿತ ಇಳಿದರೆ ಅರಿವಳಿಕೆ ಕೊಡುವವರು ಎಲ್ಲಿ ಸಿಗುತ್ತಾರೆ? ಸಂಜೆ 6ಕ್ಕೆ ಅವರು ಹೇಗೂ ಬರುತ್ತಾರೆ, ಆಗಲೇ ಮುಗಿಸಿಬಿಡೋಣ ಅನಿಸುತ್ತದೆ. ಇದು ದುರಾಸೆಯಲ್ಲ, ಭಯ. ಮೈಸೂರಿನಂಥ ಊರಿನಲ್ಲಿ ಇನ್ನೊಂದಿದೆ, ಅದನ್ನು ಹೇಳದೆ ಬಿಟ್ಟರೆ ನ್ಯಾಯ ಆಗುವುದಿಲ್ಲ. ಪಂಚಾಂಗ ನೋಡಿ, ಜೋಯಿಸರನ್ನು ಕೇಳಿ, ಚೀಟಿಯಲ್ಲಿ ಮುಹೂರ್ತ ಬರೆದುಕೊಂಡು ಬರುವ ಮನೆಯವರು. ‘ಡಾಕ್ಟ್ರೇ, ಗುರುವಾರ 10.40ರೊಳಗೆ ಆಗ್ಬೇಕು.’ ಹೊಟ್ಟೆ ಕೊಯ್ಯಿಸಿಕೊಳ್ಳುವ ಹುಡುಗಿಯನ್ನು ಆ ಮಾತುಕತೆಗೆ ಯಾರೂ ಕರೆಯುವುದಿಲ್ಲ.

ಒಪ್ಪಿಗೆ ಎಂಬ ವಿಷಯ ಇಲ್ಲಿ ಬಂತು. ಇದರ ಬಗ್ಗೆ ಸುಪ್ರೀಂ ಕೋರ್ಟ್ 2008ರಲ್ಲಿ ಕೊಟ್ಟ ಒಂದು ತೀರ್ಪು ಪ್ರತಿ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಇರಬೇಕಾದಂಥದ್ದು. ಸಮೀರಾ ಕೊಹ್ಲಿ ಪ್ರಕರಣ. ದೆಹಲಿಯ 44 ವರ್ಷದ ಹೆಂಗಸು, ತೊಂದರೆ ಏನೆಂದು ನೋಡುವ ಲ್ಯಾಪರೋಸ್ಕೋಪಿಗೆ ಒಪ್ಪಿ ಮಲಗಿದರು. ಎಚ್ಚರ ಇಲ್ಲದಿರುವಾಗ ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ತೆಗೆದುಬಿಟ್ಟರು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಆಪರೇಷನ್‌ಗೆ ಕೊಟ್ಟ ಒಪ್ಪಿಗೆಯಲ್ಲ, ಪ್ರಾಯಕ್ಕೆ ಬಂದವರ ಪರವಾಗಿ ತಾಯಿ ಸಹಿ ಹಾಕಿದರೆ ನಡೆಯುವುದಿಲ್ಲ ಎಂದಿತು ಕೋರ್ಟ್. ಜೀವಕ್ಕೆ ಕುತ್ತು ಬಂದಾಗ ಮಾತ್ರ ವಿನಾಯಿತಿ.

ಈಗ ಹೃದಯದ ರಕ್ತನಾಳ ಕಟ್ಟಿದೆಯಾ ಎಂದು ನೋಡುವ ಆ್ಯಂಜಿಯೋಗ್ರಾಂ ಕೋಣೆಯ ಹೊರಗೆ ನಿಂತ ಮಗನನ್ನು ನೆನೆಸಿಕೊಳ್ಳಿ. ಅಪ್ಪ ಒಳಗೆ ಮೇಜಿನ ಮೇಲೆ. ಬಾಗಿಲು ತೆರೆದು ಒಬ್ಬರು ಬಂದು ‘ಶೇ 90 ಬ್ಲಾಕ್ ಇದೆ, ಈಗಲೇ ಸ್ಟೆಂಟ್ ಹಾಕಬೇಕು, ಸೈನ್ ಮಾಡಿ’ ಎನ್ನುತ್ತಾರೆ. ಸ್ಟೆಂಟ್ ಅಂದರೆ ಕಟ್ಟಿದ ರಕ್ತನಾಳವನ್ನು ತೆರೆದಿಡುವ ಪುಟ್ಟ ಜಾಲರಿ ಕೊಳವೆ. ಯಾರು ತಾನೆ ಬೇಡ ಎನ್ನುತ್ತಾರೆ? ಅಪ್ಪನಿಗೆ ಆ ಹೊತ್ತಿನಲ್ಲಿ ಹೃದಯಾಘಾತ ಆಗುತ್ತಿದ್ದರೆ ಡಾಕ್ಟರ್ ಹೇಳಿದ್ದು ಸರಿ, ಒಂದೊಂದು ನಿಮಿಷವೂ ಮುಖ್ಯ. ಅಂಥವರನ್ನು ಹತ್ತಿರದ ಹೃದ್ರೋಗ ಆಸ್ಪತ್ರೆಗೆ ಓಡಿಸಬೇಕೇ ಹೊರತು ಈ ಲೇಖನ ಓದುತ್ತಾ ಕೂರಬಾರದು. ಆದರೆ ಮೆಟ್ಟಿಲು ಹತ್ತಿದಾಗ ಮಾತ್ರ ಎದೆ ಹಿಡಿದಂತಾಗಿ, ಕೂತರೆ ಸರಿಹೋಗಿ, ತಿಂಗಳುಗಟ್ಟಲೆ ಹಾಗೇ ಇರುವವರ ಕಥೆ ಬೇರೆ. 2020ರಲ್ಲಿ ಪ್ರಕಟವಾದ ‘ಇಸ್ಕೀಮಿಯಾ’ ಅಧ್ಯಯನದಲ್ಲಿ ಅಂಥ 5,000ಕ್ಕೂ ಹೆಚ್ಚು ಜನರಿದ್ದರು, ಭಾರತದವರೂ ಸೇರಿ. ಮೊದಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿದ ಗುಂಪಿನಲ್ಲಿ ಸಾವಾಗಲಿ ಹೃದಯಾಘಾತವಾಗಲಿ ಒಟ್ಟಾರೆ ಕಮ್ಮಿಯಾಗಲಿಲ್ಲ. ಒಳ್ಳೆಯ ಔಷಧದ ಮೇಲೆ ಇದ್ದವರೂ ಅಷ್ಟೇ ಚೆನ್ನಾಗಿದ್ದರು. ಸ್ಟೆಂಟ್‌ನಿಂದ ಎದೆನೋವು ಕಮ್ಮಿಯಾಗುತ್ತದೆ ಎಂದು 2023ರ ಇನ್ನೊಂದು ಪ್ರಯೋಗ ತೋರಿಸಿತು. ಅಂದರೆ ನೋವಿಗೆ ಹಾಕಿಸಿಕೊಳ್ಳಬಹುದು, ಅದು ರೋಗಿಯ ಇಷ್ಟ. ‘ಹಾಕದಿದ್ದರೆ ನಾಳೆ ಬೆಳಿಗ್ಗೆ ಏನಾಗುತ್ತೋ’ ಎಂದು ಹೆದರಿಸಿ ಹಾಕುವುದು ಮಾತ್ರ ತಪ್ಪು.

2017ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಸ್ಟೆಂಟ್ ಬೆಲೆಗೆ ಕಡಿವಾಣ ಹಾಕಿತು. ಲಕ್ಷ ರೂಪಾಯಿ ದಾಟುತ್ತಿದ್ದ ಔಷಧ ಲೇಪಿತ ಸ್ಟೆಂಟ್ 29,600 ರೂಪಾಯಿಗೆ ಇಳಿಯಿತು. ದೊಡ್ಡ ಕೆಲಸವೇ. ಆದರೆ ಬೆಲೆ ಇಳಿದರೆ ಬಿಲ್ ಹಗುರಾಗುತ್ತದೆ, ಬೇಕೋ ಬೇಡವೋ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಬೆನ್ನುನೋವಿನ ಎಂಆರ್‌ಐ ಬಗ್ಗೆ ಒಂದೇ ಮಾತು. ಬೆನ್ನುನೋವೇ ಇಲ್ಲದ ಇಪ್ಪತ್ತರ ಹುಡುಗರನ್ನು ಸ್ಕ್ಯಾನ್ ಮಾಡಿದರೂ ಹತ್ತರಲ್ಲಿ ಮೂವರಿಗೆ ಡಿಸ್ಕ್ ಉಬ್ಬಿರುವುದು ಕಾಣುತ್ತದೆ, ಎಂಬತ್ತು ದಾಟಿದವರಲ್ಲಿ ಹತ್ತರಲ್ಲಿ ಎಂಟು ಜನಕ್ಕೆ. ರಿಪೋರ್ಟಿನಲ್ಲಿ ಬರೆದದ್ದೆಲ್ಲ ಕಾಯಿಲೆ ಅಲ್ಲ. ಎಷ್ಟೋ ಸಲ ಅದು ವಯಸ್ಸು.

ಮಳೆಗಾಲ ಬಂದರೆ ನಮ್ಮಲ್ಲಿ ಡೆಂಗಿ. ಆಗ ಒತ್ತಡ ತಿರುಗುಮುರುಗಾಗುತ್ತದೆ. ಡಾಕ್ಟರ್ ರೋಗಿಯನ್ನು ತಳ್ಳುವುದಿಲ್ಲ, ಮನೆಯವರು ಡಾಕ್ಟರನ್ನು ತಳ್ಳುತ್ತಾರೆ. ‘ಪ್ಲೇಟ್‌ಲೆಟ್ 40 ಸಾವಿರಕ್ಕೆ ಬಂದಿದೆ, ಇನ್ನೂ ಹಾಕಿಲ್ಲ ನೀವು’ ಎಂಬ ಜಗಳ ಯಾವ ವಾರ್ಡಿನಲ್ಲೂ ಕೇಳಬಹುದು. ವಾಟ್ಸ್ಆ್ಯಪ್ ಗುಂಪುಗಳಲ್ಲಿ ರಕ್ತದ ಗುಂಪು ಬರೆದು ‘ತುರ್ತು’ ಎಂಬ ಸಂದೇಶ ಓಡಾಡುತ್ತದೆ. ರಕ್ತಸ್ರಾವ ಇಲ್ಲದಿದ್ದರೆ 10 ಸಾವಿರಕ್ಕಿಂತ ಕೆಳಗೆ ಇಳಿಯುವವರೆಗೆ ಪ್ಲೇಟ್‌ಲೆಟ್ ಕೊಡಬೇಕಿಲ್ಲ ಎನ್ನುತ್ತದೆ ದೇಶದ ಡೆಂಗಿ ಮಾರ್ಗಸೂಚಿ. ಸಿಂಗಪುರ ಮತ್ತು ಮಲೇಷ್ಯಾದಲ್ಲಿ 372 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 20 ಸಾವಿರ ಅಥವಾ ಅದಕ್ಕಿಂತ ಕಮ್ಮಿ ಇದ್ದವರಿಗೆ ಮುಂಜಾಗ್ರತೆಗೆ ಅಂತ ಪ್ಲೇಟ್‌ಲೆಟ್ ಕೊಟ್ಟರೂ ರಕ್ತಸ್ರಾವ ತಪ್ಪಲಿಲ್ಲ. ಡೆಂಗಿಯಲ್ಲಿ ಕೊಲ್ಲುವುದು ಹೆಚ್ಚಾಗಿ ರಕ್ತನಾಳದಿಂದ ನೀರು ಸೋರಿ ಬಿಪಿ ಬೀಳುವುದು. ಜ್ವರ ಬಿಟ್ಟ ಮೇಲಿನ ಒಂದೆರಡು ದಿನವೇ ಅಪಾಯ. ಹೊಟ್ಟೆನೋವು, ನಿಲ್ಲದ ವಾಂತಿ, ಸುಸ್ತು, ಮೂತ್ರ ಕಮ್ಮಿಯಾಗುವುದು, ಇವನ್ನು ನೋಡಬೇಕು. ನಾವು ನೋಡುವುದು ಲ್ಯಾಬ್ ಚೀಟಿಯ ಒಂದು ಸಂಖ್ಯೆ. ಮಾರ್ಗಸೂಚಿ ಪಾಲಿಸಿದ ಡಾಕ್ಟರ್ ಮೇಲೆ ಕೈ ಮಾಡಲು ಹೋದವರನ್ನೂ ನಾನು ಕಂಡಿದ್ದೇನೆ. ಆಮೇಲೆ ಆ ಡಾಕ್ಟರ್ ಇನ್ನೊಬ್ಬರಿಗೆ ‘ಬೇಡ’ ಎನ್ನುತ್ತಾರಾ?

ಗರ್ಭಕೋಶದ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ನಾಲ್ಕು ಜನ ಹೆಂಗಸರು ಸೇರಿದ ಕಡೆ ‘ನನ್ದೂ ತೆಗೆಸಿದಾರೆ’ ಎನ್ನುವವರು ಒಬ್ಬರಾದರೂ ಇರುತ್ತಾರೆ. ಬಿಳಿಸೆರಗು, ಜಾಸ್ತಿ ಮುಟ್ಟು, ಸೊಂಟನೋವು, ಯಾವುದೇ ಇರಲಿ, ಕೊನೆಗೆ ಎರಡು ಮಾತು ಬರುತ್ತವೆ. ‘ಮಕ್ಕಳಾಯ್ತಲ್ಲ, ಇನ್ನು ಅದ್ಯಾಕೆ?’ ಮತ್ತು ‘ಬಿಟ್ಟರೆ ಕ್ಯಾನ್ಸರ್ ಆಗುತ್ತೆ.’ ರಾಜಸ್ಥಾನ, ಬಿಹಾರ, ಛತ್ತೀಸಗಡದಲ್ಲಿ ಬಡ ಹೆಂಗಸರಿಗೆ, ಸರ್ಕಾರಿ ವಿಮೆಯ ದುಡ್ಡಿನಲ್ಲೂ, ಬೇಡದ ಗರ್ಭಕೋಶದ ಆಪರೇಷನ್ ಮಾಡಿದ ಬಗ್ಗೆ ಸುಪ್ರೀಂ ಕೋರ್ಟಿಗೆ ಒಂದು ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಗಿತ್ತು. ಕೇಂದ್ರ ಸರ್ಕಾರ 2022ರಲ್ಲಿ ಮಾರ್ಗಸೂಚಿ ಮಾಡಿತು. ಅದನ್ನು ಮೂರು ತಿಂಗಳಲ್ಲಿ ಜಾರಿ ಮಾಡಿ ಎಂದು 2023ರ ಏಪ್ರಿಲ್‌ನಲ್ಲಿ ಕೋರ್ಟ್ ಎಲ್ಲ ರಾಜ್ಯಗಳಿಗೆ ಹೇಳಿತು. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಥೆ 2019ರಲ್ಲಿ ದೇಶಕ್ಕೇ ಗೊತ್ತಾಯಿತು. ಕಬ್ಬು ಕಡಿಯಲು ಹೋಗುವ ಹೆಂಗಸರು, ಮುಟ್ಟಿನ ದಿನ ರಜೆ ಹಾಕಿದರೆ ಕೂಲಿ ಕಡಿತ, ಅದಕ್ಕೆ ಗರ್ಭಕೋಶವನ್ನೇ ತೆಗೆಸಿಬಿಡುವುದು. ನಮ್ಮದೂ ಕಬ್ಬಿನ ಜಿಲ್ಲೆ. ಇಲ್ಲೂ ಹಾಗೇ ನಡೆದಿದೆ ಎಂದು ನಾನು ಹೇಳುತ್ತಿಲ್ಲ. ಓದಿದಾಗ ಹೊಟ್ಟೆಯಲ್ಲಿ ಏನೋ ಆಯಿತು, ಅಷ್ಟೇ.

ನನ್ನ ಚಿಕ್ಕಮ್ಮನಿಗೆ 46 ಇರುವಾಗ ಯಾವುದೋ ಹೊಟ್ಟೆನೋವಿಗೆ ಸ್ಕ್ಯಾನ್ ಮಾಡಿದರು. ಹೊಟ್ಟೆನೋವು ಗ್ಯಾಸ್ಟ್ರಿಕ್‌ದು, ವಾರದಲ್ಲಿ ಹೋಯಿತು. ಸ್ಕ್ಯಾನಿನಲ್ಲಿ ಚಿಕ್ಕ ಫೈಬ್ರಾಯ್ಡ್ ಗಡ್ಡೆ ಕಂಡಿತು. ಒಂದು ಖಾಸಗಿ ಆಸ್ಪತ್ರೆಯಲ್ಲಿ ‘ಗಡ್ಡೆ ಇದೆ, ಗರ್ಭಕೋಶ ತೆಗೀಬೇಕು, ಮುಂದಿನ ವಾರ ಬನ್ನಿ’ ಎಂದರು. ಕೌಂಟರಿನಲ್ಲಿ ಕೇಳಿದ ಮೊದಲ ಪ್ರಶ್ನೆ ‘ಇನ್ಶೂರೆನ್ಸ್ ಇದ್ಯಾ?’ ಮುಟ್ಟು ಜಾಸ್ತಿ ಹೋಗುತ್ತಾ, ರಕ್ತ ಎಷ್ಟಿದೆ ಎಂದು ಯಾರೂ ಕೇಳಲಿಲ್ಲ. ಅಂಥ ತೊಂದರೆ ಕೊಡದ ಚಿಕ್ಕ ಗಡ್ಡೆಗಳು ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ತಾವೇ ಕುಗ್ಗುತ್ತವೆ. ಅವು ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ. ರಕ್ತಸ್ರಾವದಿಂದ ರಕ್ತ ಇಳಿದುಹೋದವರಿಗೆ, ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡವರಿಗೆ ಈ ಮಾತು ಹೊಂದುವುದಿಲ್ಲ, ಅವರು ತಡಮಾಡದೆ ತೋರಿಸಲೇಬೇಕು.

ವಿಮೆ ಮಾತು ಬಂದದ್ದಕ್ಕೆ ಒಂದು ವಿಷಯ ಹೇಳಬೇಕು. ನಮ್ಮ ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ತುರ್ತು ಬಿಟ್ಟು ಬೇರೆ ಚಿಕಿತ್ಸೆಗೆ ಖಾಸಗಿಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ‘ಮಿಮ್ಸ್‌ನಲ್ಲಿ (ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ) ಬರೆಸ್ಕೊಂಡು ಬನ್ನಿ’ ಎಂದು ಜನರನ್ನು ಓಡಾಡಿಸುವ ನಿಯಮ ಅದು. ಎಲ್ಲರೂ ಬೈಯುತ್ತಾರೆ, ನಾನೂ ಬೈದಿದ್ದೇನೆ. ಆದರೆ ಲಾಭ ಇಲ್ಲದ ಒಬ್ಬ ಡಾಕ್ಟರ್ ನಡುವೆ ಒಂದು ಸಲ ನೋಡಲಿ ಎನ್ನುವ ಯೋಚನೆ ಅದರೊಳಗಿದೆ. ಸಾಲಿನಲ್ಲಿ ನಾಲ್ಕು ಗಂಟೆ ನಿಂತವರಿಗೆ ಇದನ್ನು ಹೇಳಿದರೆ ಹೊಡೆಯಬಹುದು. ಆ ಸಾಲನ್ನು ಚಿಕ್ಕದು ಮಾಡುವಷ್ಟು ಡಾಕ್ಟರ್‌ಗಳನ್ನು ಸರ್ಕಾರ ಇಟ್ಟಿಲ್ಲ. ಹೀಗಾಗಿ ಒಂದೇ ಬೀದಿಯಲ್ಲಿ ಎರಡೂ ನಡೆಯುತ್ತವೆ. ವಿಮೆ ಇರುವವರಿಗೆ ಬೇಡದ್ದು ಸಿಗುತ್ತದೆ, ಇಲ್ಲದವರಿಗೆ ಬೇಕಾದದ್ದೂ ಸಿಗುವುದಿಲ್ಲ.

ಕಾನೂನು ಕೈಗೆ ಏನು ಕೊಟ್ಟಿದೆ? ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದು. 2017ರಲ್ಲಿ ಅದನ್ನು ಗಟ್ಟಿ ಮಾಡಲು ಹೊರಟಾಗ ಆ ನವೆಂಬರಿನಲ್ಲಿ ಖಾಸಗಿ ಡಾಕ್ಟರ್‌ಗಳು ಮುಷ್ಕರ ಹೂಡಿದರು. ತಿದ್ದುಪಡಿ ಮೆತ್ತಗಾಗಿ ಪಾಸಾಯಿತು. ಆದರೂ ದರಪಟ್ಟಿ ತೋರಿಸಬೇಕು ಎಂಬುದಿದೆ, ಜಿಲ್ಲಾಧಿಕಾರಿ ಅಧ್ಯಕ್ಷತೆಯಲ್ಲಿ ದೂರು ಕೇಳುವ ಪ್ರಾಧಿಕಾರ ಇದೆ. ಒಳರೋಗಿಯಾಗಿದ್ದವರು ದಾಖಲೆ ಕೇಳಿದರೆ 72 ಗಂಟೆಯಲ್ಲಿ ಕೊಡಬೇಕು ಎಂಬ ನಿಯಮ 2002ರಿಂದಲೂ ಇದೆ. ಬೇರೆ ಡಾಕ್ಟರ್‌ಗೆ ತೋರಿಸುತ್ತೇನೆ ಎನ್ನುವುದು ರೋಗಿಯ ಹಕ್ಕು, ಅವಮಾನ ಅಲ್ಲ. ‘ಇದು ಇವತ್ತೇ ಆಗ್ಬೇಕಾ? ಮಾಡಿಸದಿದ್ರೆ ಏನಾಗುತ್ತೆ?’ ಎಂದು ಕೇಳಿದರೆ ಒಳ್ಳೆಯ ಡಾಕ್ಟರ್ ಸಿಟ್ಟಾಗುವುದಿಲ್ಲ. ಕೇಳಲು ನಮಗೇ ಹೆದರಿಕೆ.

ಚಿಕ್ಕಮ್ಮನನ್ನು ನಾನೇ ಮೈಸೂರಿನ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಬೆಳಿಗ್ಗೆ 8ಕ್ಕೆ ಚೀಟಿ, ನಮ್ಮ ಸರದಿ ಬಂದಾಗ 12.30. ಒಳಗಿದ್ದ ಡಾಕ್ಟರಮ್ಮ ಸ್ಕ್ಯಾನ್ ನೋಡಿದರು, ನಾಲ್ಕು ಪ್ರಶ್ನೆ ಕೇಳಿದರು, ಹೊಟ್ಟೆ ಒತ್ತಿ ನೋಡಿದರು. ‘ಏನೂ ಬೇಡಮ್ಮ. ಆರು ತಿಂಗಳು ಬಿಟ್ಟು ಬನ್ನಿ. ರಕ್ತ ಜಾಸ್ತಿ ಹೋದರೆ ಮೊದಲೇ ಬನ್ನಿ.’ ಐದು ನಿಮಿಷ. ಗರ್ಭಕೋಶ ಉಳಿಯಿತು ಎಂದು ನಾನು ಖುಷಿಯಾಗಿ ಹೊರಗೆ ಬಂದೆ.

ಬಸ್ಸಿನಲ್ಲಿ ಶ್ರೀರಂಗಪಟ್ಟಣ ದಾಟುವವರೆಗೂ ಚಿಕ್ಕಮ್ಮ ಮಾತಾಡಲಿಲ್ಲ. ಆಮೇಲೆ ಕಿಟಕಿ ಕಡೆ ನೋಡುತ್ತಾ ಹೇಳಿದರು: ‘ಬಸ್ಸೇನೋ ಫ್ರೀ ಬಿಡು. ಆದ್ರೂ ಇಡೀ ದಿನ ಕಾಯಿಸಿ ಒಂದು ಮಾತ್ರೆನೂ ಬರೀಲಿಲ್ವಲ್ಲ ಆವಮ್ಮ. ಏನು ಓದವ್ಳೋ ಏನೋ.’